ತರಗತಿಯಲ್ಲಿ ಶರಣರ ಕಾಯಕ ಪರಂಪರೆ

ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಶಾಲೆಗಳಲ್ಲಿ ವಚನ ಕಂಠಪಾಠ, ಗಾಯನ ಸ್ಪರ್ಧೆಗಳು ನಡೆಯುವುದು ಸಂತೋಷದ ಸಂಗತಿ. ಆದರೆ ಬಹುಮಾನ ಪಡೆದ ಮಗುವಿಗೆ, ತಾನು ಹೇಳಿದ ವಚನ ಯಾರದು, ಅವರು ಯಾವ ಕಾಯಕದಿಂದ ಬದುಕಿದರು ಎಂಬುದೇ ತಿಳಿಯದಿದ್ದರೆ ಆ ಕಲಿಕೆ ನಾಲಗೆಯ ತುದಿಯಲ್ಲಿಯೇ ಉಳಿಯುತ್ತದೆ.

ಹಳಕಟ್ಟಿಯವರ ಬದುಕೇ ಇದಕ್ಕೆ ನಿದರ್ಶನ. ಅಂದು ವಚನಗಳ ತಾಡೋಲೆ ಕಟ್ಟುಗಳು ಎಷ್ಟೋ ಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು; ಬಿಚ್ಚಿ ಓದುವವರು ವಿರಳ. ವಕೀಲರಾಗಿದ್ದ ಅವರು ಊರೂರು ಅಲೆದು ಅವನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಪೂಜೆಯ ಕಟ್ಟನ್ನು ಓದಿನ ಪುಸ್ತಕವಾಗಿಸಿದ್ದು ಅವರ ಮಹದುಪಕಾರ. ಅರ್ಥವರಿಯದ ಕಂಠಪಾಠವೆಂದರೆ ಆ ಕಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಜಗುಲಿಗೇರಿಸಿದಂತೆಯೇ ಸರಿ.

ಹಾಗಾದರೆ ಶಿಕ್ಷಕರು ಮಾಡಬೇಕಾದುದೇನು? ವಚನಕ್ಕೆ ಮೊದಲು ಕಾಯಕವನ್ನು ತರಗತಿಗೆ ತರಬೇಕು. ಮೇದಾರ ಕೇತಯ್ಯನವರು ಬುಟ್ಟಿ ಹೆಣೆದವರು. ನುಲಿಯ ಚಂದಯ್ಯನವರು ಹಗ್ಗ ಹೊಸೆದವರು. ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡಿದವರು. ಊರಿನಲ್ಲಿ ಬುಟ್ಟಿ ಹೆಣೆಯುವ ಹಿರಿಯರೊಬ್ಬರನ್ನು ಗೌರವದಿಂದ ಬರಮಾಡಿಕೊಂಡು, ಬಿದಿರು ಸೀಳುವ ಬಗೆಯನ್ನು ಅವರಿಂದಲೇ ತೋರಿಸಲಿ. ಸೀಳು ಹಿಡಿದು ಒಂದು ಸುತ್ತು ಹೆಣೆದ ಮಗುವಿಗೆ ಆ ಕೆಲಸದ ಕಷ್ಟವೂ ಘನತೆಯೂ ತಾನಾಗಿ ತಿಳಿಯುತ್ತವೆ. ಅನಂತರ ಓದುವ ವಚನದ ಸೊಗಸೇ ಬೇರೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಹಿಂದಿರುಗಿಸಿ ಬರುವಂತೆ ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಪುಟ್ಟ ಮಕ್ಕಳಿಗೂ ಅರ್ಥವಾಗುವಂಥದು.

ಇಲ್ಲೊಂದು ಎಚ್ಚರವೂ ಅಗತ್ಯ. ಶರಣರ ಹೆಸರಿನ ಮುಂದಿರುವ ಕಾಯಕದ ಹೆಸರು ಇಂದು ಜಾತಿಯ ಹೆಸರಾಗಿಯೂ ಕೇಳಿಸುತ್ತದೆ. ಪಾಠದ ನಡುವೆ ಆ ಹೆಸರು ಬಂದೊಡನೆ ಇಡೀ ತರಗತಿ ಒಬ್ಬ ಹುಡುಗನತ್ತ ತಿರುಗಿ ನೋಡಿದರೆ ಆ ಮಗುವಿನ ಪಾಲಿಗೆ ಅದು ಪಾಠವಲ್ಲ, ಶಿಕ್ಷೆ. ಆದುದರಿಂದ ಯಾವ ಮಗುವನ್ನೂ ಅದರ ಮನೆತನದ ಪ್ರತಿನಿಧಿಯೆಂದು ಎಬ್ಬಿಸಿ ನಿಲ್ಲಿಸಬಾರದು. ತಾನಾಗಿ ಹೇಳಲು ಬಂದರೆ ಪ್ರೀತಿಯಿಂದ ಆಲಿಸಬೇಕು.

ಅಂಥ ಹೆಸರುಗಳನ್ನು ಎತ್ತದಿರುವುದೇ ಲೇಸೆಂದು ಕೆಲವರು ಹೇಳಬಹುದು. ಆದರೆ ಶಿಕ್ಷಕರು ಸುಮ್ಮನಾದ ಮಾತ್ರಕ್ಕೆ ಆಟದ ಬಯಲಿನ ಅಣಕ ಸುಮ್ಮನಾಗುವುದಿಲ್ಲ. ಅಂಬಿಗರ ಚೌಡಯ್ಯನವರು ಇಷ್ಟದೈವದ ಹೆಸರನ್ನಲ್ಲ, ಕಾಯಕದೊಡನೆ ಬೆರೆತ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ದೋಣಿ ನಡೆಸುವವನು ತಲೆತಗ್ಗಿಸಬೇಕಿಲ್ಲವೆಂಬ ಅರಿವು ಆ ಅಂಕಿತದಲ್ಲಿಯೇ ಇದೆ. ಅದನ್ನು ಬಿಡಿಸಿ ಹೇಳಬಲ್ಲವರು ಶಿಕ್ಷಕರಲ್ಲದೆ ಇನ್ನಾರು?

ತರಗತಿಯಲ್ಲಿ ಎಲ್ಲ ಮನೆಗಳ ಮಕ್ಕಳೂ ಇರುತ್ತಾರೆ. ವಚನದ ಪಕ್ಕದಲ್ಲಿ ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರ ತತ್ವಪದವೂ, ಅಜ್ಜಿಯರ ಬೀಸುವ ಪದವೂ ಕೇಳಿಬರಲಿ. ತನ್ನ ಮನೆಯ ಹಾಡಿಗೆ ಕಿವಿಗೊಟ್ಟ ಗೆಳೆಯನ ಹಾಡಿಗೆ ಮಗು ತಾನೂ ಕಿವಿಗೊಡುತ್ತದೆ. ಭಕ್ತರು ತಮ್ಮೂರಿನ ಶಾಲೆಗೆ ವಚನ ಪುಸ್ತಕವನ್ನು ಕಾಣಿಕೆ ನೀಡುವಾಗ, ಕಾಯಕವನ್ನು ಬಲ್ಲ ಒಬ್ಬ ಹಿರಿಯರನ್ನೂ ಜೊತೆಗೆ ಕರೆದೊಯ್ಯಲಿ.