ಶ್ವಾಸಕೋಶ ಸರಣಿ, ಭಾಗ 4: "ಸಿಗರೇಟ್ ಸೇದ್ತಿದ್ರಾ?"

ಯಾರಿಗಾದ್ರೂ ಶ್ವಾಸಕೋಶದ ಕ್ಯಾನ್ಸರ್ ಅಂದ ತಕ್ಷಣ ನಮ್ಮ ಬಾಯಿಂದ ಬರೋ ಮೊದಲ ಪ್ರಶ್ನೆ ಇದೇ. ನೀವೂ ಕೇಳಿರ್ತೀರಿ, ನಾನೂ ಕೇಳಿದ್ದೀನಿ. ಊಟ ಸೇರ್ತಿದ್ಯಾ, ಜೊತೆಗೆ ಯಾರಿದ್ದಾರೆ ಅಂತ ಕೇಳೋಕೆ ಮುಂಚೆ ತಪ್ಪು ಯಾರದ್ದು ಅಂತ ತೀರ್ಮಾನ ಆಗ್ಬೇಕು ನಮಗೆ!

ತಂಬಾಕೇ ಅತಿ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಬೀಡಿ "ಎಲೆಯಲ್ಲಿ ಸುತ್ತಿದ್ದು, ಏನೂ ಆಗಲ್ಲ" ಅನ್ನೋರಿಗೆ: ಅದು ಆರದೇ ಇರೋಕೆ ಮತ್ತೆ ಮತ್ತೆ ಎಳೀಬೇಕು, ಹೊಗೆ ಎಲ್ಲಿಗೆ ಹೋಗುತ್ತೆ ಅನ್ಕೊಂಡ್ರಿ?

ಆದ್ರೆ ಜನ್ಮದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಇದು ಬರುತ್ತೆ. ಅವರಲ್ಲಿ ಹೆಚ್ಚಾಗಿ ಕಾಣೋದು ಅಡಿನೋಕಾರ್ಸಿನೋಮ. ಸಾಮಾನ್ಯವಾಗಿ ಶ್ವಾಸಕೋಶದ ಅಂಚಿನ ಕಡೆ ಬೆಳೆಯುತ್ತೆ, ಶುರುವಿನಲ್ಲಿ ಕೆಮ್ಮೂ ಇರದೇ ಇರಬಹುದು. ದೊಡ್ಡ ಶ್ವಾಸನಾಳಗಳ ಹತ್ತಿರ ಹುಟ್ಟೋ ಸ್ಕ್ವಾಮಸ್ ಸೆಲ್, ಬಹಳ ಬೇಗ ಹರಡೋ ಸ್ಮಾಲ್ ಸೆಲ್, ಇವೆರಡಕ್ಕೆ ತಂಬಾಕಿನ ನಂಟು ಇನ್ನೂ ಬಿಗಿ.

ಸೇದದವರು ಕುಡಿದ ಹೊಗೆಯ ಲೆಕ್ಕ ಯಾರು ಕೇಳ್ತಾರೆ? ಸೌದೆ ಒಲೆ, ಗಂಡನ ಬೀಡಿ, ಬಸ್ ಸ್ಟಾಪಿನ ಡೀಸೆಲ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ 2012ರಲ್ಲಿ ಡೀಸೆಲ್ ಹೊಗೆಯನ್ನ, 2013ರಲ್ಲಿ ಹೊರಗಿನ ಗಾಳಿಯ ಮಾಲಿನ್ಯವನ್ನ ತಂಬಾಕು ಇರೋ ಮೊದಲನೇ ಗುಂಪಿಗೇ ಸೇರಿಸಿತು. (ಅಪಾಯ ಅಷ್ಟೇ ಅಂತ ಇದರ ಅರ್ಥ ಅಲ್ಲ, ಪುರಾವೆ ಅಷ್ಟೇ ಗಟ್ಟಿ ಅಂತ.) ಆಸ್ಬೆಸ್ಟಾಸ್ ಕೂಡ ಅದೇ ಗುಂಪು. ನಮ್ಮಲ್ಲಿ ಇನ್ನೂ ಶೀಟ್ ಮಾಡಿ ಮಾರ್ತಾರೆ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲಿ. ಬಿಡದ ಕೆಮ್ಮು, ತೂಕ ಇಳಿಯೋದು, ಕಫದಲ್ಲಿ ರಕ್ತ: ಟಿಬಿಗೂ ಇವೇ ಲಕ್ಷಣ. ಎಕ್ಸ್‌ರೇಯಲ್ಲಿ ನೆರಳು ಕಂಡ್ರೆ ನಮ್ಮ ದೇಶದಲ್ಲಿ ಮೊದಲು ಟಿಬಿ ಅನ್ಕೊಳ್ಳೋದು ತಪ್ಪಲ್ಲ. ಆದ್ರೆ ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ರೂ ಮಾತ್ರೆ ಶುರು ಮಾಡಿ, ಕೆಮ್ಮು ಬಗ್ಗದಿದ್ರೂ ತಿಂಗಳುಗಟ್ಟಲೆ ಅದನ್ನೇ ನುಂಗಿಸೋದು? "ಸೇದಲ್ವಲ್ಲ, ಕ್ಯಾನ್ಸರ್ ಯಾಕಿರುತ್ತೆ" ಅನ್ನೋ ಧೈರ್ಯದಲ್ಲೇ ಆ ತಿಂಗಳುಗಳು ಹೋಗೋದು.

ಸಿಟಿ ಸ್ಕ್ಯಾನ್ ಬೇಕಾ ಅಂತ ಬಾಯ್ಬಿಟ್ಟು ಕೇಳಿ. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಅಂತ ಬಂದ್ರೆ ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆ ಆಗಿದ್ಯಾ ಅಂತಲೂ ಕೇಳಿ. ಸೇದದವರಲ್ಲಿ ಈ ಬದಲಾವಣೆಗಳು ಹೆಚ್ಚು, ಇದ್ರೆ ಅದಕ್ಕೇ ಅಂತ ಮಾತ್ರೆಗಳಿವೆ.

ಇನ್ನು ಸೇದಿದವರ ಹತ್ರ ಆ ಪ್ರಶ್ನೆ? ಡಾಕ್ಟರ್ ಕೇಳ್ತಾರೆ, ಅದು ಅವರ ಕೆಲಸ. ನೀವು ಎಳನೀರು ತಗೊಂಡು ಹೋಗಿ.

ಭಾಗ 5: "ಬಯಾಪ್ಸಿ ಮಾಡಿಸಿದ್ರೆ ಕ್ಯಾನ್ಸರ್ ಹರಡುತ್ತೆ" ಅನ್ನೋ ಮಾತು.

#ಶ್ವಾಸಕೋಶಸರಣಿ #ಕನ್ನಡದಲ್ಲಿಆರೋಗ್ಯ