ರಕ್ತಪರೀಕ್ಷೆಗೆ ಅಂಜುವುದೇಕೆ?

ಮಧುಮೇಹವು ಹೇಳಿಕೇಳಿ ಮನೆಗೆ ಬರುವ ರೋಗವಲ್ಲ. ಅತಿಯಾದ ದಾಹ, ಮೇಲಿಂದ ಮೇಲೆ ಮೂತ್ರವಿಸರ್ಜನೆ, ಕಾರಣವಿಲ್ಲದೆ ತೂಕ ಇಳಿಯುವಿಕೆ ಇವು ತೋರಿದಾಗ ವೈದ್ಯರಲ್ಲಿಗೆ ಹೋದರಾಯಿತೆಂದು ನಮ್ಮಲ್ಲಿ ಬಹುಮಂದಿ ಭಾವಿಸಿದ್ದೇವೆ. ಆದರೆ ಈ ಲಕ್ಷಣಗಳು ಕಾಣುವುದಕ್ಕೆ ಹಲವು ವರ್ಷ ಮೊದಲೇ ರಕ್ತದಲ್ಲಿ ಸಕ್ಕರೆ ಏರಿರಬಹುದು. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಹಾನಿಯೂ ಆರಂಭವಾಗಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಆದುದರಿಂದ 30 ವರ್ಷ ದಾಟಿದವರೆಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಈ ರೋಗವಿದ್ದರೆ, ಬೊಜ್ಜು ಅಥವಾ ರಕ್ತದೊತ್ತಡವಿದ್ದರೆ ತಡಮಾಡಲೇಬಾರದು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳ ತುದಿಯ ಹನಿ ರಕ್ತದಿಂದ ಈ ತಪಾಸಣೆ ನಡೆಯುತ್ತದೆ. ಇದು ಜರಡಿ ಹಿಡಿದಂತೆ. ಸಂಶಯವುಳ್ಳವರನ್ನು ಬೇರ್ಪಡಿಸುತ್ತದೆಯೇ ಹೊರತು ರೋಗವನ್ನು ನಿರ್ಧರಿಸುವುದಿಲ್ಲ. ನಿರ್ಧಾರಕ್ಕೆ ರಕ್ತನಾಳದಿಂದ ತೆಗೆದ ರಕ್ತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು.

ಕನಿಷ್ಠ 8 ತಾಸು ಏನನ್ನೂ ಸೇವಿಸದೆ ಕೊಟ್ಟ ರಕ್ತದಲ್ಲಿ, ಪ್ರತಿ 100 ಮಿಲಿಲೀಟರಿಗೆ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಅದು ಮಧುಮೇಹದ ಅಳತೆ. 75 ಗ್ರಾಂ ಗ್ಲೂಕೋಸ್ ನೀರನ್ನು ಕುಡಿದ 2 ತಾಸಿನ ನಂತರ 200 ಅಥವಾ ಹೆಚ್ಚಿದ್ದರೂ ಹಾಗೆಯೇ. 140ರಿಂದ 199ರವರೆಗೆ ಇದ್ದರೆ ಎಚ್ಚರಿಕೆಯ ಗಂಟೆ. ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 6.5 ಗಡಿಯಾಗಿದೆ. ರಕ್ತಹೀನತೆಯುಳ್ಳವರಲ್ಲಿ ಈ ಅಂಕಿ ತಪ್ಪುದಾರಿಗೆ ಎಳೆಯಬಹುದಾದ್ದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ರೋಗಲಕ್ಷಣವಿಲ್ಲದವರಲ್ಲಿ ಒಂದೇ ಅಂಕಿಯನ್ನು ನಂಬದೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ಕ್ರಮ.

ಬರಿಹೊಟ್ಟೆಯೆಂದರೆ ನಿಜವಾಗಿಯೂ ಬರಿಹೊಟ್ಟೆ. ಒಂದು ಲೋಟ ಚಹಾ ಕುಡಿದು ಹೋದರೂ ಅಂಕಿ ಕೆಡುತ್ತದೆ. ನೀರಿಗೆ ಮಾತ್ರ ಅಡ್ಡಿಯಿಲ್ಲ. ಇನ್ನು ಕೆಲವರು ಪರೀಕ್ಷೆಗೆ ಎರಡು ದಿನ ಮೊದಲು ಹೋಳಿಗೆ-ಹುಗ್ಗಿ ಬಿಟ್ಟು, ಅನ್ನ ಕಡಿಮೆ ಮಾಡಿ ‘ಪಾಸಾಗಲು’ ಹವಣಿಸುತ್ತಾರೆ. ಹೀಗೆ ವಂಚಿಸುವುದು ಯಾರನ್ನು? ನಮ್ಮ ದೇಹವನ್ನೇ ಅಲ್ಲವೆ?

ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ತಾಯಂದಿರು ವೈದ್ಯರಲ್ಲಿಗೂ ಕೊನೆಗೇ ಹೋಗುತ್ತಾರೆ. ಗರ್ಭಿಣಿಯರಿಗಂತೂ ಈ ಪರೀಕ್ಷೆ ಅವಶ್ಯ. ಆಗ ಸಕ್ಕರೆ ಏರಿದ್ದವರು ಹೆರಿಗೆಯಾಗಿ 6ರಿಂದ 12 ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಬೀಗರಿಗೆ ತಿಳಿದೀತು, ಮಗಳಿಗೆ ಸಂಬಂಧ ತಪ್ಪೀತು ಎಂದು ಪರೀಕ್ಷೆಯನ್ನೇ ಮುಂದೂಡುವ ಮನೆಗಳೂ ನಮ್ಮಲ್ಲಿವೆ. ಮುಚ್ಚಿಟ್ಟ ಮಾತ್ರಕ್ಕೆ ರೋಗ ನಿಲ್ಲದು. ಬೇಗ ತಿಳಿದರೆ ಆಹಾರ, ನಡಿಗೆ, ಔಷಧಿಗಳಿಂದ ಅದನ್ನು ಹತೋಟಿಯಲ್ಲಿಡಬಹುದು. ಹೊಸ್ತಿಲಲ್ಲಿರುವವರು ಹಿಂದಿರುಗಲೂಬಹುದು.

ಈ ತಿಂಗಳು ಮನೆಯ ಹಿರಿಯರೆಲ್ಲರೂ, ಮುಖ್ಯವಾಗಿ ಗೃಹಿಣಿಯರು, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸಮಾಜ ಬಾಂಧವರಲ್ಲಿ ನಮ್ಮ ಕಳಕಳಿಯ ವಿನಂತಿ.