ಕೇದಾರಕ್ಕೆ ಹೊರಟವರೇ, ಬಟ್ಟೆಗಂಟು ಬಿಚ್ಚಿ ನೋಡಿ!

ಮೇ ತಿಂಗಳು ಬಂತೆಂದರೆ ನಮ್ಮ ದಾವಣಗೆರೆಯಿಂದ ಚಾರ್‌ಧಾಮ ಯಾತ್ರೆಗೆ ಹೊರಡುವವರ ಸಡಗರ ಶುರು. ಕರೆದೊಯ್ಯುವವರ ಕರಪತ್ರಗಳನ್ನು ಓದಿ ನೋಡಿ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಚಪಾತಿ ಎಂದು ಊಟದ ಪಟ್ಟಿ ಉದ್ದಕ್ಕಿರುತ್ತದೆ. ಬಟ್ಟೆಯ ಪಟ್ಟಿ ಎಲ್ಲಿ ಸ್ವಾಮಿ? ಇದ್ದರೆ ‘ಬೆಚ್ಚನೆಯ ಉಡುಪು ತನ್ನಿ’ ಅಂತ ಕೊನೆಯಲ್ಲೊಂದು ಸಾಲು. ಅಲ್ಲಿಗೆ ಜವಾಬ್ದಾರಿ ಮುಗಿಯಿತು.

ಬೆಚ್ಚನೆಯದು ಅಂದರೆ ಯಾವುದು? ನಮ್ಮ ಜನಕ್ಕೆ ಒಂದು ದಪ್ಪ ಸ್ವೆಟರ್, ಒಂದು ಮಂಕಿ ಕ್ಯಾಪ್, ಒಂದು ಶಾಲು. ಒಳಗೆ ಹತ್ತಿ ಬನಿಯನ್, ಹೆಂಗಸರಿಗೆ ಸೀರೆ, ಕಾಲಿಗೆ ಚಪ್ಪಲಿ. ಇಲ್ಲಿಯ ಡಿಸೆಂಬರ್ ಚಳಿಗೆ ಇದು ಸಾಕು. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ದಾವಣಗೆರೆಗಿಂತ ಸುಮಾರು 3,000 ಮೀಟರ್ ಮೇಲೆ! ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಬಿಸಿ ಇಳಿಯುತ್ತದೆ. ಲೆಕ್ಕ ನೀವೇ ಹಾಕಿ. ಗಾಳಿ, ಮಳೆ ಅದರ ಮೇಲೆ.

2024ರ ಜೂನ್ ನೆನಪಿದೆಯೇ? ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ನಮ್ಮ ರಾಜ್ಯದವರೇ. ಒಂಬತ್ತು ಜನ ಸತ್ತರು, 13 ಮಂದಿ ಉಳಿದರು. ಅವರಲ್ಲಿ ಬೆಟ್ಟ ಹತ್ತಿ ಅನುಭವವಿದ್ದವರೂ ಇದ್ದರು. ಸತ್ತವರನ್ನು ದೂರಲು ಈ ಮಾತಲ್ಲ. ಅಂಥವರಿಗೇ ಹೀಗಾದರೆ, ಹತ್ತಿ ಸೀರೆಯುಟ್ಟು ಹೊರಟ ಅರವತ್ತರ ಅಜ್ಜಿಯ ಗತಿ ಏನು?

ನಮ್ಮದು ಹತ್ತಿ ಗಿರಣಿಗಳಿಂದ ಬೆಳೆದ ಊರು. ಹತ್ತಿಗೆ ನಾವು ಋಣಿಗಳು. ಆದರೆ ಹಿಮದಲ್ಲಿ ಹತ್ತಿ ಶತ್ರು. ಬೆವರನ್ನೋ ಮಳೆಯನ್ನೋ ಕುಡಿದು ಒದ್ದೆಯಾಗಿ ಮೈಗೆ ಅಂಟಿ ಕೂರುತ್ತದೆ, ಮೈಯ ಶಾಖ ಹೀರುತ್ತದೆ. ಉಣ್ಣೆ ಹಾಗಲ್ಲ. ನೆನೆದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವ ಚಳ್ಳಕೆರೆ ಕಡೆಯವರನ್ನು ಕೇಳಿ, ಹೇಳುತ್ತಾರೆ. ಅವರಿಗೆ ಯಾವ ಕರಪತ್ರವೂ ಬೇಕಾಗಿಲ್ಲ.

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ಮೇಲು. ಮೈಗಂಟಿದ್ದು ಉಣ್ಣೆ ಅಥವಾ ಪಾಲಿಯೆಸ್ಟರಿನದು. ಅದರ ಮೇಲೆ ಸ್ವೆಟರ್. ಹೊರಗೆ ಗಾಳಿ-ಮಳೆ ತಡೆಯುವ, ತಲೆಮುಚ್ಚಿಗೆಯಿರುವ ಕೋಟು. ಪದರದ ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ಹೊದಿಕೆ. ಏರುವಾಗ ಬೆವರುವ ಮೊದಲೇ ಒಂದು ಕಳಚಿ, ನಿಂತ ಕೂಡಲೇ ಹಾಕಿಕೊಳ್ಳಿ. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಬೇಡಿ, ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ತಣ್ಣಗಾಗುತ್ತದೆ. ಒಣಗಿದ ಇನ್ನೊಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಚಳಿಗೆ ಒಂದು ಗುಟುಕು ‘ಗುಂಡು’ ಹಾಕುವುದಂತೂ ಬೇಡವೇ ಬೇಡ. ಮೈ ಬಿಸಿಯಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಜೊತೆಯವರು ಗಡಗಡ ನಡುಗಿ, ಮಾತು ತೊದಲಿ, ಹೆಜ್ಜೆ ತಪ್ಪಿದರೆ ಅದು ಬರೀ ಸುಸ್ತಲ್ಲ. ಒದ್ದೆ ಬಟ್ಟೆ ಬಿಚ್ಚಿ, ಒಣಗಿದ್ದು ಹೊದಿಸಿ, ಕೂಡಲೇ ವೈದ್ಯರಿಗೆ ತೋರಿಸಿ.

ಅಮರನಾಥದ ದೇಗುಲ ಮಂಡಳಿ ನೋಡಿ. ಯಾತ್ರೆಗೆ ಸೀರೆ ತಕ್ಕುದಲ್ಲ, ಸಲ್ವಾರ್ ಕಮೀಜ್ ಅಥವಾ ಪ್ಯಾಂಟು-ಶರ್ಟು ಹಾಕಿ ಅಂತ ಮುಲಾಜಿಲ್ಲದೆ ಹೇಳುತ್ತದೆ. ಆರೋಗ್ಯ ಪ್ರಮಾಣಪತ್ರ ಇಲ್ಲದಿದ್ದರೆ ಬಿಡುವುದೇ ಇಲ್ಲ. ನಮ್ಮಲ್ಲಿ ಯಾಕಾಗದು? ಚಾರ್‌ಧಾಮಕ್ಕೆ ಹೋಗುವವರಿಗಾಗಿ ಮುಜರಾಯಿ ಇಲಾಖೆ 20 ಸಾವಿರ ರೂಪಾಯಿ ಸಹಾಯಧನದ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಹಣದ ಮಾತಾಡುವ ಇಲಾಖೆ ಬಟ್ಟೆಯ ಮಾತನ್ನೂ ಆಡಲಿ. ಕನ್ನಡದಲ್ಲಿ ಒಂದು ಪುಟದ ಪಟ್ಟಿ ಅಚ್ಚು ಹಾಕಿಸಿ ತಾಲೂಕು ಕಚೇರಿಯಲ್ಲಿ ಹಂಚಲಿ. ಯಾತ್ರೆ ಕರೆದೊಯ್ಯುವವರು ಮುಂಗಡ ಹಣದ ರಸೀದಿ ಜೊತೆ ಅದೇ ಪಟ್ಟಿ ಕೊಡಲಿ. ಬಸ್ಸು ಬಿಡುವ ಮೊದಲು ಒಬ್ಬೊಬ್ಬರ ಗಂಟು ನೋಡಲಿ. ಕಾಗದದ ಖರ್ಚು ಎಷ್ಟು ಮಹಾ?

ದೇವರು ಎಲ್ಲಿಗೂ ಓಡಿಹೋಗುವುದಿಲ್ಲ. ಬಟ್ಟೆ ಸರಿಮಾಡಿಕೊಂಡು ಮುಂದಿನ ಬಸ್ಸಿಗೆ ಹೋದರೂ ಅಲ್ಲೇ ಇರುತ್ತಾನೆ. ಹೋದವರು ತಿರುಗಿ ಬರಬೇಕು, ಅಷ್ಟೇ.